ಕಾರಣ, ನಿಮಿತ್ತ, ನೆಪ: ಎಳೆಯರಿಗೆ 1914ರ ಯುದ್ಧವನ್ನು ಹೇಳುವ ಬಗೆ

ಒಂದು ಮಹಾಯುದ್ಧ ಏಕೆ ನಡೆಯಿತೆಂದು ಹತ್ತು ವರ್ಷದ ಮಗು ಕೇಳಿದರೆ ಏನು ಹೇಳಬೇಕು? ಈ ಪ್ರಶ್ನೆಯನ್ನು ಶಿಕ್ಷಣಶಾಸ್ತ್ರದವರಿಗೆ ಬಿಟ್ಟುಕೊಟ್ಟು ಸಾಹಿತ್ಯ-ಚರಿತ್ರೆಗಳ ಅಭ್ಯಾಸಿಗಳು ಸುಮ್ಮನಿರುವುದು ವಾಡಿಕೆಯಾಗಿದೆ. ವಾಸ್ತವವಾಗಿ ಇದು ಕಥನದ ಪ್ರಶ್ನೆ. ಕಥೆಯನ್ನು ಎಲ್ಲಿಂದ ಆರಂಭಿಸಬೇಕು, ಯಾರನ್ನು ಕರ್ತೃಸ್ಥಾನದಲ್ಲಿ ನಿಲ್ಲಿಸಬೇಕು, ಯಾವ ಕ್ರಿಯಾಪದವನ್ನು ಬಳಸಬೇಕು ಎಂಬ ಆಯ್ಕೆಗಳಲ್ಲಿಯೇ ಕಾರಣದ ನಿರ್ಣಯ ಅಡಗಿರುತ್ತದೆ. ‘1914ರಲ್ಲಿ ಯುದ್ಧ ಭುಗಿಲೆದ್ದಿತು’ ಎಂದು ಬರೆದ ಲೇಖಕನು ತನಗರಿವಿಲ್ಲದೆಯೇ ಒಂದು ತೀರ್ಪು ಕೊಟ್ಟಿರುತ್ತಾನೆ. ಭುಗಿಲೇಳುವುದು ಬೆಂಕಿಯ ಸ್ವಭಾವ. ಅದಕ್ಕೆ ಕರ್ತೃ ಬೇಕಿಲ್ಲ. ‘ಯುದ್ಧವನ್ನು ಸಾರಿದರು’ ಎಂದೊಡನೆ ಮಗು ಕೇಳುತ್ತದೆ: ಯಾರು?

ಆ ‘ಯಾರು’ ಎಂಬ ಪ್ರಶ್ನೆಗೆ ಪ್ರಾಥಮಿಕ ಶಾಲೆಯಲ್ಲಿಯೇ ಉತ್ತರ ಕೊಡಲು ತೊಡಗಬೇಕು, ಅದನ್ನು ಪ್ರೌಢಶಾಲೆಯವರೆಗೆ ಮುಂದೂಡುವುದು ತರವಲ್ಲ ಎಂಬುದು ಈ ಬರೆಹದ ನಿಲುವು. ಉದಾಹರಣೆಯಾಗಿ ಮೊದಲನೆಯ ಮಹಾಯುದ್ಧವನ್ನೇ ತೆಗೆದುಕೊಂಡಿದ್ದೇನೆ. ಕಾರಣಗಳ ವಿಷಯದಲ್ಲಿ ಇದರಷ್ಟು ಚರ್ಚೆಗೆ ಒಳಗಾದ ಯುದ್ಧ ವಿರಳ. ಶಾಲೆಗಳಲ್ಲಿ ಇದರಷ್ಟು ಸರಳೀಕರಣಕ್ಕೆ ಒಳಗಾದ ಯುದ್ಧವೂ ವಿರಳ.

ಸ್ಮರಣೆ ಮೊದಲು, ಅರಿವು ಆಮೇಲೆ

ಇಂಗ್ಲೆಂಡಿನ ಮಕ್ಕಳು ಐದಾರರ ವಯಸ್ಸಿನಲ್ಲಿಯೇ ನವೆಂಬರ್ 11ರ ಆಸುಪಾಸಿನಲ್ಲಿ ಕೆಂಪು ಗಸಗಸೆ ಹೂವಿನ ಗುರುತನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಆದರೆ ಅಲ್ಲಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಮೊದಲನೆಯ ಮಹಾಯುದ್ಧ ಹೆಸರಿನೊಡನೆ ಬರುವುದು ಹನ್ನೊಂದರಿಂದ ಹದಿನಾಲ್ಕು ವರ್ಷದವರ ಹಂತದಲ್ಲಿ. ಅಂದರೆ ಐದಾರು ವರ್ಷಗಳ ಕಾಲ ಮಗುವು ಯುದ್ಧವನ್ನು ಸ್ಮರಿಸುತ್ತದೆ. ಆ ಯುದ್ಧ ಏಕೆ ಆಯಿತೆಂಬ ವಿಚಾರ ಶಾಲೆಯ ಕಡ್ಡಾಯ ಪಾಠದಲ್ಲಿ ಬಂದಿರುವುದಿಲ್ಲ. ಫ್ರಾನ್ಸಿನಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ವರ್ಷದಲ್ಲಿ, ಹತ್ತು-ಹನ್ನೊಂದರ ವಯಸ್ಸಿಗೆ, ಎರಡೂ ಮಹಾಯುದ್ಧಗಳು ಪಾಠದಲ್ಲಿ ಬರುತ್ತವೆ. ಅಲ್ಲಿಯೂ ಒತ್ತು ಇರುವುದು ಊರಿನ ಸ್ಮಾರಕ, ಸುತ್ತಮುತ್ತ ಉಳಿದಿರುವ ಯುದ್ಧದ ಕುರುಹುಗಳು ಇವುಗಳ ಮೇಲೆ.

ಸ್ಮರಣೆ ತಪ್ಪೇನಲ್ಲ. 90 ಲಕ್ಷಕ್ಕೂ ಮಿಕ್ಕಿ ಸೈನಿಕರು ಸತ್ತ ಘಟನೆಯ ಮುಂದೆ ಮೌನ ಸಹಜವಾದ ಮರ್ಯಾದೆ. ಆದರೆ ಕಾರಣವಿಲ್ಲದ ಸ್ಮರಣೆಯು ಯುದ್ಧವನ್ನು ಬರಗಾಲ, ಭೂಕಂಪಗಳ ಸಾಲಿಗೆ ಸೇರಿಸುತ್ತದೆ. ಬಂದಿತು, ಜನ ಸತ್ತರು, ನಾವು ದುಃಖಿಸುತ್ತೇವೆ. ಸತ್ತವರು ಮನುಷ್ಯರೆಂಬುದು ಮಗುವಿಗೆ ತಿಳಿಯುತ್ತದೆ. ಯುದ್ಧವನ್ನು ತಂದವರೂ ಮನುಷ್ಯರೇ ಎಂಬುದು ತಿಳಿಯುವುದಿಲ್ಲ.

ಮೂರು ಸುಲಭ ಕಥೆಗಳು

ಕಾರಣವನ್ನು ಹೇಳಹೊರಟ ಶಿಕ್ಷಕರಿಗೂ ಕೈಗೆಟಕುವಂತೆ ಮೂರು ಸಿದ್ಧ ಕಥೆಗಳಿವೆ. ಮೂರರಲ್ಲಿಯೂ ಸತ್ಯದ ಅಂಶವಿದೆ; ಮೂರೂ ಸಾಲವು.

ಮೊದಲನೆಯದು ಗುಂಡಿನ ಕಥೆ. 1914ರ ಜೂನ್ 28ರಂದು ಸರಾಯೆವೊದಲ್ಲಿ ಹತ್ತೊಂಬತ್ತು ವರ್ಷದ ಗವ್ರಿಲೊ ಪ್ರಿನ್ಸಿಪ್ ಎಂಬ ಯುವಕ ಆಸ್ಟ್ರಿಯಾ-ಹಂಗರಿಯ ಯುವರಾಜ ಫ್ರಾಂಜ್ ಫರ್ಡಿನಂಡನನ್ನೂ ಆತನ ಪತ್ನಿ ಸೋಫಿಯನ್ನೂ ಕೊಂದ, ಅದರಿಂದ ಯುದ್ಧವಾಯಿತು. ಬೆಳಿಗ್ಗೆ ಎಸೆದ ಬಾಂಬು ಗುರಿ ತಪ್ಪಿದ್ದು, ಬಳಿಕ ಸಾರಥಿ ತಪ್ಪು ತಿರುವಿನಲ್ಲಿ ಕಾರನ್ನು ತಿರುಗಿಸಿದ್ದು, ಅಲ್ಲಿಯೇ ಪ್ರಿನ್ಸಿಪ್ ನಿಂತಿದ್ದದ್ದು ಇವೆಲ್ಲ ಕಥೆಗೆ ರೋಚಕತೆ ತರುತ್ತವೆ. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಆದರೆ ಒಬ್ಬ ಸಾರಥಿಯ ಎಡವಟ್ಟಿನಿಂದ ಲಕ್ಷಾಂತರ ಜನ ಸತ್ತರೆಂದು ಕಲಿತ ಮಗು ಕಲಿತದ್ದು ಆಕಸ್ಮಿಕವನ್ನು, ಕಾರಣವನ್ನಲ್ಲ.

ಎರಡನೆಯದು ನಾಲ್ಕು ವಾದಗಳ ಪಟ್ಟಿ: ಸೈನಿಕವಾದ, ಮೈತ್ರಿಕೂಟ, ಸಾಮ್ರಾಜ್ಯಶಾಹಿ, ಉಗ್ರ ರಾಷ್ಟ್ರೀಯತೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇವನ್ನು ಕಂಠಪಾಠ ಮಾಡಿಸುವ ರೂಢಿ ಜಗತ್ತಿನಾದ್ಯಂತ ಇದೆ. ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ನಾಲ್ಕು ಪದಗಳು. ಇಲ್ಲಿ ಮನುಷ್ಯರೇ ಇಲ್ಲ. ಭಾವನಾಮಗಳು ಯುದ್ಧ ಮಾಡುತ್ತವೆ.

ಮೂರನೆಯದು ಗುಂಪುಜಗಳದ ಕಥೆ. ಆಟದ ಬಯಲಿನಲ್ಲಿ ಒಬ್ಬನು ಇನ್ನೊಬ್ಬನನ್ನು ನೂಕಿದ, ಅವನ ಗೆಳೆಯ ಬಂದ, ಇವನ ಗೆಳೆಯನೂ ಬಂದ, ಎಲ್ಲರೂ ಹೊಡೆದಾಡಿದರು. ಎಳೆಯರಿಗೆ ಇದು ಸುಲಭವಾಗಿ ಅರ್ಥವಾಗುವುದರಿಂದ ಹೆಚ್ಚು ಬಳಕೆಯಲ್ಲಿದೆ. ಅದೇ ಕಾರಣಕ್ಕೆ ಹೆಚ್ಚು ಅಪಾಯಕಾರಿ. ಇದು ದೇಶವನ್ನು ಒಬ್ಬ ಹುಡುಗನನ್ನಾಗಿ ಮಾಡುತ್ತದೆ. ‘ಜರ್ಮನಿಗೆ ಸಿಟ್ಟು ಬಂತು’ ಎಂಬ ವಾಕ್ಯದಲ್ಲಿ ಸಿಟ್ಟುಗೊಂಡವರು ಯಾರು, ಸಿಟ್ಟುಗೊಳ್ಳದೆಯೂ ಸತ್ತವರು ಯಾರು ಎಂಬ ಭೇದ ಅಳಿಸಿಹೋಗುತ್ತದೆ. ಅಲ್ಲದೆ ಮೈತ್ರಿಯು ಯಂತ್ರದಂತೆ ಎಲ್ಲರನ್ನೂ ಎಳೆದುಕೊಂಡಿತೆಂಬುದು ಚಾರಿತ್ರಿಕವಾಗಿಯೂ ನಿಲ್ಲುವುದಿಲ್ಲ. 1882ರಿಂದ ಜರ್ಮನಿ ಹಾಗೂ ಆಸ್ಟ್ರಿಯಾ-ಹಂಗರಿಗಳೊಡನೆ ತ್ರಿಮೈತ್ರಿಯಲ್ಲಿದ್ದ ಇಟಲಿ 1914ರಲ್ಲಿ ತಟಸ್ಥವಾಗಿ ಉಳಿಯಿತು. 1915ರಲ್ಲಿ ಎದುರು ಪಕ್ಷವನ್ನು ಸೇರಿತು. ಗೆಳೆಯನಾದುದರಿಂದ ಬರಲೇಬೇಕಾಯಿತು ಎಂಬ ವಾದಕ್ಕೆ ಇಟಲಿಯೊಂದೇ ಸಾಕಷ್ಟು ಉತ್ತರ.

ನಮ್ಮ ಭಾಷೆಯಲ್ಲಿರುವ ಭೇದ

ಇಲ್ಲಿ ನಮ್ಮ ಶಾಸ್ತ್ರಪರಂಪರೆಯ ಒಂದು ಹಳೆಯ ಭೇದವನ್ನು ನೆನೆಯುವುದು ಉಪಯುಕ್ತ. ಮಡಕೆಗೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ ಎಂಬುದು ಭಾರತೀಯ ದರ್ಶನಗಳು ಬಹುಕಾಲ ಬಳಸಿದ ದೃಷ್ಟಾಂತ. ಮಣ್ಣಿಲ್ಲದೆ ಮಡಕೆಯಿಲ್ಲ; ಮಣ್ಣಿದ್ದ ಮಾತ್ರಕ್ಕೆ ಮಡಕೆ ತಾನಾಗಿ ಆಗುವುದೂ ಇಲ್ಲ. ಇದಕ್ಕೆ ಆಡುಮಾತಿನಿಂದ ‘ನೆಪ’ ಎಂಬ ಮೂರನೆಯ ಪದವನ್ನು ಸೇರಿಸಬಹುದು. ಮೊದಲೇ ಮಾಡಬೇಕೆಂದಿದ್ದುದಕ್ಕೆ ಆಮೇಲೆ ಸಿಕ್ಕ ಸಮರ್ಥನೆಯೇ ನೆಪ. ‘ಹೊಟ್ಟೆನೋವಿನ ನೆಪ ಹೇಳಿ ಶಾಲೆ ತಪ್ಪಿಸಿಕೊಂಡ’ ಎಂದರೆ ಯಾವ ಮಗುವಿಗೆ ಅರ್ಥವಾಗದು?

ಈ ಮೂರು ಪದಗಳನ್ನು ಹಿಡಿದುಕೊಂಡು 1914ನ್ನು ನೋಡಬಹುದು. ಮೈತ್ರಿಕೂಟಗಳು, ನೌಕಾಬಲದ ಪೈಪೋಟಿ, ಬಾಲ್ಕನ್ ಪ್ರದೇಶದ ಅಸಮಾಧಾನ ಇವೆಲ್ಲ ಮಣ್ಣು. ಆದರೆ ಈ ಮಣ್ಣು 1905 ಮತ್ತು 1911ರ ಮೊರಾಕೊ ಬಿಕ್ಕಟ್ಟುಗಳಲ್ಲಿಯೂ ಇತ್ತು. 1912-13ರ ಬಾಲ್ಕನ್ ಯುದ್ಧಗಳಲ್ಲಿಯೂ ಇತ್ತು. ಆಗ ಮಹಾಯುದ್ಧವಾಗಲಿಲ್ಲ. ಹಾಗಾದರೆ ಈ ಸಲ ಏಕೆ ಆಯಿತು? ವಿದ್ವಾಂಸರು ನೂರು ವರ್ಷದಿಂದ ಕೇಳುತ್ತಿರುವ ಪ್ರಶ್ನೆ ಇದೇ. ಐದನೆಯ ತರಗತಿಯ ಮಗುವೂ ಇದನ್ನು ಕೇಳಬಲ್ಲದು. ಸರಾಯೆವೊದ ಹತ್ಯೆ ನಿಮಿತ್ತವೋ ನೆಪವೋ? ವಿಯೆನ್ನಾದ ಕೆಲವು ಅಧಿಕಾರಸ್ಥರು ಸರ್ಬಿಯಾವನ್ನು ಹಣಿಯಲು ಮೊದಲಿನಿಂದಲೂ ಅವಕಾಶ ಹುಡುಕುತ್ತಿದ್ದರೆಂಬುದನ್ನು ಹೇಳಿದರೆ ಮಗು ತಾನೇ ಪದವನ್ನು ಆರಿಸಿಕೊಂಡೀತು. ಆರಿಸಿದ ಮೇಲೆ ಹಾಗೇಕೆ ಎಂದು ಕೇಳುವುದಷ್ಟೇ ಶಿಕ್ಷಕರ ಕೆಲಸ.

ಮೂವತ್ತೇಳು ದಿನಗಳು

ಜೂನ್ 28ರಿಂದ ಆಗಸ್ಟ್ 4ರವರೆಗೆ ಮೂವತ್ತೇಳು ದಿನಗಳು. ನನ್ನ ಅಭಿಪ್ರಾಯದಲ್ಲಿ ಪ್ರಾಥಮಿಕ ಶಾಲೆಯ ಪಾಠ ಈ ಮೂವತ್ತೇಳು ದಿನಗಳ ಸುತ್ತ ಇರಬೇಕು, ಏಕೆಂದರೆ ಇಲ್ಲಿ ನಿರ್ಧಾರಗಳು ಎಣಿಸಬಹುದಾದಷ್ಟಿವೆ, ನಿರ್ಧರಿಸಿದವರಿಗೆ ಹೆಸರುಗಳಿವೆ.

ಜುಲೈ 5ರಂದು ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್, ನೀವು ಏನು ಮಾಡಿದರೂ ನಿಮ್ಮ ಬೆನ್ನಿಗಿರುತ್ತೇವೆ ಎಂಬರ್ಥದ ಭರವಸೆಯನ್ನು ಆಸ್ಟ್ರಿಯಾಕ್ಕೆ ಕೊಟ್ಟ. ಜುಲೈ 23ರಂದು ಆಸ್ಟ್ರಿಯಾ 48 ಗಂಟೆಗಳ ಗಡುವಿನ ಪತ್ರವನ್ನು ಸರ್ಬಿಯಾಕ್ಕೆ ಕಳಿಸಿತು. ಸರ್ಬಿಯಾ ಬಹುಪಾಲು ಷರತ್ತುಗಳಿಗೆ ಮಣಿದು, ತನ್ನ ನೆಲದಲ್ಲಿ ನಡೆಯುವ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಪಾಲ್ಗೊಳ್ಳುವುದನ್ನು ಮಾತ್ರ ನಿರಾಕರಿಸಿತು. ಜುಲೈ 28ರ ಬೆಳಿಗ್ಗೆ ಆ ಉತ್ತರವನ್ನು ಓದಿದ ವಿಲ್ಹೆಲ್ಮ್, ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲ ಎಂಬರ್ಥದ ಟಿಪ್ಪಣಿ ಬರೆದ. ಅದೇ ದಿನ ಆಸ್ಟ್ರಿಯಾ ಯುದ್ಧ ಸಾರಿತು. ಜುಲೈ 29ರ ರಾತ್ರಿ ರಷ್ಯದ ದೊರೆ ಎರಡನೆಯ ನಿಕೊಲಸ್, ಪೂರ್ಣ ಸೈನ್ಯ ಜಮಾವಣೆಯ ಆಜ್ಞೆಯನ್ನು ವಿಲ್ಹೆಲ್ಮನ ತಂತಿಯನ್ನೋದಿ ತಡೆಹಿಡಿದ. ಮರುದಿನ ಮಂತ್ರಿಗಳ, ಸೇನಾನಿಗಳ ಒತ್ತಾಯಕ್ಕೆ ಮಣಿದು ಮತ್ತೆ ಹೊರಡಿಸಿದ. ಆಗಸ್ಟ್ 1ರಂದು ಸೈನ್ಯವನ್ನು ಪೂರ್ವಕ್ಕೆ ಮಾತ್ರ ಕಳಿಸಲು ಸಾಧ್ಯವೇ ಎಂದು ವಿಲ್ಹೆಲ್ಮ್ ಕೇಳಿದಾಗ ಸೇನಾಧಿಪತಿ ಮೋಲ್ಟ್ಕೆ ಅದಾಗದೆಂದ. ಮೊದಲು ಬೆಲ್ಜಿಯಂ ಮೂಲಕ ಫ್ರಾನ್ಸಿನ ಮೇಲೆ ಬೀಳುವ ಯೋಜನೆ, ಅದಕ್ಕೆ ತಕ್ಕ ರೈಲುಗಳ ವೇಳಾಪಟ್ಟಿ ವರ್ಷಗಳ ಹಿಂದೆಯೇ ಸಿದ್ಧವಾಗಿತ್ತು. ಆಗಸ್ಟ್ 4ರಂದು ಜರ್ಮನ್ ಸೈನ್ಯ ಬೆಲ್ಜಿಯಂ ಹೊಕ್ಕಿತು. ಅಂದೇ ಬ್ರಿಟನ್ ಯುದ್ಧ ಸಾರಿತು.

ಇದರಲ್ಲಿ ಹತ್ತು ವರ್ಷದ ಮಗುವಿಗೆ ಅರ್ಥವಾಗದಂತಹುದು ಯಾವುದಿದೆ? ಮಾತು ಕೊಡುವುದು, ಗಡುವು ಹಾಕುವುದು, ಮನಸ್ಸು ಬದಲಿಸುವುದು, ಒತ್ತಾಯಕ್ಕೆ ಮಣಿಯುವುದು, ಮೊದಲೇ ಮಾಡಿಟ್ಟ ಯೋಜನೆಗೆ ಸೆರೆಯಾಗುವುದು ಇವೆಲ್ಲ ಮಗುವಿನ ಅನುಭವದೊಳಗಿನ ಸಂಗತಿಗಳೇ. ಒಂದೊಂದು ದಿನವನ್ನೂ ಎದುರಿಗಿಟ್ಟು ‘ಇಲ್ಲಿ ಬೇರೆ ಏನು ಮಾಡಬಹುದಿತ್ತು?’ ಎಂದು ಕೇಳುತ್ತ ಹೋಗಬಹುದು. ಯುದ್ಧವು ಅನಿವಾರ್ಯವಾಗಿತ್ತೆಂಬ ಭಾವನೆ ಆಗ ತಾನಾಗಿ ಕರಗುತ್ತದೆ.

ಕನ್ನಡದಲ್ಲಿ ಈ ಪಾಠ ಹೇಳುವವರಿಗೆ ಒಂದು ಎಚ್ಚರಿಕೆಯ ಮಾತು. ವಿಲ್ಹೆಲ್ಮನು ಬ್ರಿಟನ್ನಿನ ಐದನೆಯ ಜಾರ್ಜನಿಗೆ ಸೋದರತ್ತೆಯ ಮಗ. ನಿಕೊಲಸನು ಅದೇ ಜಾರ್ಜನಿಗೆ ಚಿಕ್ಕಮ್ಮನ ಮಗ. ಇದನ್ನು ಕೇಳಿದೊಡನೆ ನಮ್ಮ ನಾಲಿಗೆಗೆ ‘ದಾಯಾದಿ ಕಲಹ’ ಎಂಬ ಮಾತು ಬರುತ್ತದೆ. ಕುರುಕ್ಷೇತ್ರ ಕಣ್ಣ ಮುಂದೆ ನಿಲ್ಲುತ್ತದೆ. ಹೋಲಿಕೆ ಆಕರ್ಷಕ, ಆದರೆ ಹೊಂದುವುದಿಲ್ಲ. ಅಲ್ಲಿ ಒಂದೇ ರಾಜ್ಯಕ್ಕೆ ಇಬ್ಬರು ಹಕ್ಕುದಾರರಿದ್ದರು. ಇಲ್ಲಿ ನೆಂಟಸ್ತಿಕೆ ಯುದ್ಧದ ಕಾರಣವಾಗಿರಲಿಲ್ಲ. ಅದನ್ನು ತಡೆಯಲಾರದಷ್ಟು ದುರ್ಬಲವಾಗಿತ್ತು.

ಎರಡು ಆಕ್ಷೇಪಗಳು

ಎಳೆಯ ಮನಸ್ಸು ಕಾರ್ಯಕಾರಣ ಸಂಬಂಧವನ್ನು ಗ್ರಹಿಸಲಾರದು ಎಂಬುದು ಮೊದಲ ಆಕ್ಷೇಪ. ಪಿಯಾಜೆಯ ಹಂತಸಿದ್ಧಾಂತವನ್ನು ಚರಿತ್ರೆಗೆ ಅನ್ವಯಿಸಿ ಇಂಗ್ಲೆಂಡಿನ ಕೆಲವರು 1960ರ ದಶಕದಲ್ಲಿ ಇದನ್ನು ಬಲವಾಗಿ ಮಂಡಿಸಿದರು. ಆದರೆ ಅಲ್ಲಿಯೇ 1990ರ ದಶಕದಲ್ಲಿ ಪೀಟರ್ ಲೀ, ರೋಸಲಿನ್ ಆಶ್ಬಿ ಮೊದಲಾದವರು ಏಳರಿಂದ ಹದಿನಾಲ್ಕು ವರ್ಷದ ಮಕ್ಕಳ ಚಾರಿತ್ರಿಕ ಚಿಂತನೆಯನ್ನು ಅಧ್ಯಯನ ಮಾಡಿದಾಗ, ಕೆಲವು ಎಳೆಯರು ತಮಗಿಂತ ಬಹಳ ಹಿರಿಯ ಮಕ್ಕಳಿಗಿಂತ ಚೆನ್ನಾಗಿ ವಿವೇಚಿಸುವುದು ಕಂಡುಬಂದಿತು. ವಯಸ್ಸೊಂದೇ ಅಳತೆಗೋಲಲ್ಲ. ಕಂದಕಗಳ ಭೀಕರತೆ, ವಿಷಾನಿಲದ ವಿವರ ಇವು ಎಳೆಯರಿಗೆ ಬೇಡವೆಂದರೆ ಒಪ್ಪಬಹುದು. ವಿಚಿತ್ರವೆಂದರೆ ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ವಿರುದ್ಧ: ಫಿರಂಗಿ, ವಿಮಾನ, ಟ್ಯಾಂಕುಗಳ ಚಿತ್ರವನ್ನು ಮಕ್ಕಳಿಗೆ ಧಾರಾಳವಾಗಿ ತೋರಿಸುತ್ತೇವೆ, ವಿವೇಚನೆಯನ್ನು ದೊಡ್ಡವರಾದ ಮೇಲೆ ಎನ್ನುತ್ತೇವೆ.

ವಿದ್ವಾಂಸರೇ ಒಪ್ಪದ ಕಾರಣವನ್ನು ಮಕ್ಕಳಿಗೆ ಹೇಗೆ ಹೇಳುವುದು ಎಂಬುದು ಎರಡನೆಯ ಆಕ್ಷೇಪ. 1919ರ ವರ್ಸೈ ಒಪ್ಪಂದದ 231ನೆಯ ವಿಧಿ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. 1928ರಲ್ಲಿ ಅಮೆರಿಕದ ಸಿಡ್ನಿ ಫೇ ಹೊಣೆಯನ್ನು ಹಲವರಲ್ಲಿ ಹಂಚಿದರು. 1961ರಲ್ಲಿ ಜರ್ಮನಿಯವರೇ ಆದ ಫ್ರಿಟ್ಜ್ ಫಿಷರ್ ಮತ್ತೆ ಜರ್ಮನಿಯ ಮಹತ್ವಾಕಾಂಕ್ಷೆಯತ್ತ ಬೆರಳು ಮಾಡಿದರು. 2012ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್, ಎಲ್ಲರೂ ನಿದ್ದೆಯಲ್ಲಿ ನಡೆಯುವವರಂತೆ ಯುದ್ಧದೊಳಕ್ಕೆ ನಡೆದರೆಂಬ ರೂಪಕವನ್ನು ಮುಂದಿಟ್ಟರು. ಈ ಭಿನ್ನಮತವನ್ನು ಅಡ್ಡಿಯೆಂದು ತಿಳಿಯುವ ಬದಲು ಪಾಠವನ್ನಾಗಿಯೇ ಮಾಡಿಕೊಳ್ಳಬೇಕು. ಒಂದೇ ಘಟನೆಯನ್ನು ಓದಿದ ಪ್ರಾಮಾಣಿಕರು ಬೇರೆ ಬೇರೆ ನಿರ್ಣಯಕ್ಕೆ ಬರಬಹುದು, ಆದರೆ ಪ್ರತಿಯೊಬ್ಬರೂ ಆಧಾರ ಕೊಡಬೇಕು ಎಂಬುದಕ್ಕಿಂತ ಮೊದಲಾಗಿ ಕಲಿಯಬೇಕಾದ ಚರಿತ್ರೆಯ ಪಾಠ ಯಾವುದು?

ಶಾಲೆಯೂ ಒಂದು ಕಾರಣ

ಈ ವಿಷಯ ಕೇವಲ ಬೋಧನಾ ವಿಧಾನದ್ದಲ್ಲವೆಂದು ನಾನು ನಂಬಲು ಮುಖ್ಯ ಕಾರಣವೊಂದಿದೆ. ಆ ಯುದ್ಧದ ಕಾರಣಗಳಲ್ಲಿ ಪ್ರಾಥಮಿಕ ಶಾಲೆಯೂ ಒಂದು.

ಆಲ್ಬರ್ಟ್ ಬೆಟಾನಿಯೆ ಎಂಬ ಫ್ರೆಂಚ್ ಕಲಾವಿದ 1887ರಲ್ಲಿ ರಚಿಸಿದ ‘ಕಪ್ಪು ಕಲೆ’ ಎಂಬ ಚಿತ್ರವಿದೆ. ಅದರಲ್ಲಿ ಉಪಾಧ್ಯಾಯರೊಬ್ಬರು ತರಗತಿಯ ಗೋಡೆಯ ಭೂಪಟದ ಮೇಲೆ ಕಪ್ಪಾಗಿ ಬಳಿದ ಒಂದು ಭಾಗವನ್ನು ಹುಡುಗನಿಗೆ ತೋರಿಸುತ್ತಿದ್ದಾರೆ. 1871ರಲ್ಲಿ ಫ್ರಾನ್ಸ್ ಜರ್ಮನಿಗೆ ಬಿಟ್ಟುಕೊಟ್ಟ ಆಲ್ಸೇಸ್-ಲೊರೇನ್ ಅದು. ಆ ಚಿತ್ರದ ಹುಡುಗನಿಗೆ ಹತ್ತು ವರ್ಷವೆಂದುಕೊಂಡರೆ 1914ರಲ್ಲಿ ಅವನಿಗೆ ಮೂವತ್ತೇಳು. ಬಂದೂಕು ಹಿಡಿಯುವ ವಯಸ್ಸು ಇನ್ನೂ ಮೀರಿರಲಿಲ್ಲ. ಅವನಿಗೆ ಶಾಲೆಯಲ್ಲಿ ಕಾರಣವನ್ನು ಕಲಿಸಲಿಲ್ಲ, ಕಲೆಯನ್ನು ತೋರಿಸಿದರು. ಜರ್ಮನಿಯ ಶಾಲೆಗಳೂ ತಮ್ಮ ಮಕ್ಕಳಿಗೆ 1870ರ ಗೆಲುವನ್ನು ಹಬ್ಬವಾಗಿ ಕಲಿಸಿದವು. ಎರಡೂ ಕಡೆಯ ಉಪಾಧ್ಯಾಯರು ದುಷ್ಟರಾಗಿರಲಿಲ್ಲ; ತಮ್ಮ ಕರ್ತವ್ಯವನ್ನು ಮಾಡುತ್ತಿದ್ದೇವೆಂದೇ ನಂಬಿದ್ದರು.

ಈ ಹಾನಿಯನ್ನು ಸರಿಪಡಿಸುವ ಪ್ರಯತ್ನವೂ ಶಾಲೆಯ ಪುಸ್ತಕದಿಂದಲೇ ಆರಂಭವಾಯಿತೆಂಬುದು ಗಮನಾರ್ಹ. 1951ರಲ್ಲಿ ಫ್ರೆಂಚ್ ಮತ್ತು ಜರ್ಮನ್ ಚರಿತ್ರಕಾರರು ಒಟ್ಟಿಗೆ ಕುಳಿತು, 1914ರಲ್ಲಿ ಯಾವೊಂದು ಜನತೆಯೂ ಯಾವೊಂದು ಸರ್ಕಾರವೂ ಯುರೋಪಿನಾದ್ಯಂತದ ಯುದ್ಧವನ್ನು ಉದ್ದೇಶಪೂರ್ವಕವಾಗಿ ಬಯಸಿತ್ತೆಂದು ದಾಖಲೆಗಳ ಆಧಾರದಿಂದ ಹೇಳಲಾಗದು ಎಂಬ ಒಮ್ಮತಕ್ಕೆ ಬಂದರು. ಹತ್ತು ವರ್ಷಗಳಲ್ಲಿ ಫಿಷರರ ಸಂಶೋಧನೆ ಅದನ್ನು ಅಲುಗಾಡಿಸಿತು, ನಿಜ. ಆದರೂ ಶತ್ರುವಿನ ಜೊತೆ ಕುಳಿತು ಮಕ್ಕಳ ಪಾಠವನ್ನು ತಿದ್ದುವ ರೂಢಿ ಮುಂದುವರಿಯಿತು. 2006ರಲ್ಲಿ ಎರಡೂ ದೇಶಗಳ ಪ್ರೌಢ ವಿದ್ಯಾರ್ಥಿಗಳಿಗೆ ಒಂದೇ ಚರಿತ್ರೆ ಪಠ್ಯದ ಮೊದಲ ಸಂಪುಟ ಬಂದಿತು.

ಸರಾಯೆವೊದಲ್ಲಿ ನಡೆದದ್ದು ಬೇರೆ. ಯುಗೊಸ್ಲಾವಿಯದ ಕಾಲದಲ್ಲಿ ಹತ್ಯೆಯ ಸ್ಥಳದ ಸೇತುವೆಗೆ ಪ್ರಿನ್ಸಿಪನ ಹೆಸರಿತ್ತು. 1990ರ ದಶಕದಲ್ಲಿ ಅದು ಮತ್ತೆ ಲ್ಯಾಟಿನ್ ಸೇತುವೆಯಾಯಿತು. 2014ರಲ್ಲಿ, ಶತಮಾನದ ನೆನಪಿಗೆ, ಪೂರ್ವ ಸರಾಯೆವೊದಲ್ಲಿ ಸರ್ಬರು ಅವನ ಪ್ರತಿಮೆಯನ್ನು ನಿಲ್ಲಿಸಿದರು. ಒಂದೇ ನಾಡಿನ ಬೇರೆ ಬೇರೆ ಶಾಲೆಗಳಲ್ಲಿ ಅವನು ಒಬ್ಬರಿಗೆ ವೀರ, ಇನ್ನೊಬ್ಬರಿಗೆ ಭಯೋತ್ಪಾದಕ. ಎರಡೂ ಪದಗಳು ಮಗುವಿನ ವಿಚಾರವನ್ನು ಅಲ್ಲಿಗೇ ನಿಲ್ಲಿಸುತ್ತವೆ.

ಹೈಫಾದ ಕುದುರೆಗಳು

ಇದು ದೂರದ ಯುರೋಪಿನ ಕಥೆ, ನಮ್ಮ ಮಕ್ಕಳಿಗೇಕೆ ಎಂದು ಕೇಳುವವರಿಗೆ ಒಂದು ತಾರೀಕು ಸಾಕು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಲ್ಯಾನ್ಸರ್ ಪಡೆಗಳು ತುರ್ಕರ ಹಿಡಿತದಲ್ಲಿದ್ದ ಹೈಫಾ ನಗರವನ್ನು ಗೆದ್ದವು. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಯೋಧರನ್ನು ಪ್ರತಿನಿಧಿಸುತ್ತದೆ. ನಮ್ಮಲ್ಲಿ ಈ ಘಟನೆಯನ್ನು ಶೌರ್ಯದ ಕಥೆಯಾಗಿ ಹೇಳುತ್ತಾರೆ, ಶೌರ್ಯ ಸುಳ್ಳಲ್ಲ. ಆದರೆ ಮೈಸೂರಿನ ಸವಾರನಿಗೂ ಸರಾಯೆವೊದ ಗುಂಡಿಗೂ ಏನು ಸಂಬಂಧವೆಂದು ಮಗು ಕೇಳಿದರೆ ಶೌರ್ಯದ ಕಥೆಯಲ್ಲಿ ಉತ್ತರವಿಲ್ಲ. 1914ರ ಆಗಸ್ಟಿನಲ್ಲಿ ಲಂಡನ್ನು ಯುದ್ಧ ಸಾರಿದೊಡನೆ ಭಾರತವೂ ಯುದ್ಧದಲ್ಲಿತ್ತು; ಭಾರತೀಯರನ್ನು ಯಾರೂ ಕೇಳಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆಗೆ ಹೋದರು. 70,000ಕ್ಕೂ ಹೆಚ್ಚು ಜನ ಮಡಿದರು. ‘ಸಾಮ್ರಾಜ್ಯಶಾಹಿ’ ಎಂಬ ಭಾರವಾದ ಪದವನ್ನು ಮಗುವಿಗೆ ಕಂಠಪಾಠ ಮಾಡಿಸುವುದಕ್ಕಿಂತ, ತೀರ್ಮಾನಿಸಿದವರು ಒಂದು ಕಡೆ, ಸತ್ತವರು ಇನ್ನೊಂದು ಕಡೆ ಎಂಬ ಈ ಸಂಗತಿಯನ್ನು ಹೇಳಿದರೆ ಪದದ ಅರ್ಥ ತಾನಾಗಿ ತಿಳಿಯುತ್ತದೆ.

ನಮ್ಮ ನಾಲ್ಕು-ಐದನೆಯ ತರಗತಿಗೆ ಇಡೀ ಮಹಾಯುದ್ಧ ಬೇಕಿಲ್ಲ. ಮೂರು ದಿನದ ಪಾಠ ಸಾಕು. ಮೊದಲ ದಿನ ಸರಾಯೆವೊ, ನಿಮಿತ್ತ-ನೆಪಗಳ ವ್ಯತ್ಯಾಸ. ಎರಡನೆಯ ದಿನ ಜುಲೈ ತಿಂಗಳ ಐದಾರು ನಿರ್ಧಾರಗಳು. ಮೂರನೆಯ ದಿನ ಹೈಫಾ, ‘ನಮ್ಮವರು ಅಲ್ಲಿಗೆ ಏಕೆ ಹೋದರು?’ ಎಂಬ ಪ್ರಶ್ನೆ. ಕೊನೆಯಲ್ಲಿ ಅಂಕವಿಲ್ಲದ ಒಂದು ಬರವಣಿಗೆ: ಯಾರ ಯಾವ ನಿರ್ಧಾರ ಬದಲಾಗಿದ್ದರೆ ಯುದ್ಧ ತಪ್ಪುತ್ತಿತ್ತೆಂದು ನಿನಗೆ ಅನಿಸುತ್ತದೆ, ಏಕೆ?

ಕನ್ನಡದ ಅಭ್ಯಾಸಿಗಳಿಗೆ ಈ ಬಗೆಯ ಓದು ಹೊಸದೇನಲ್ಲ. ಪಂಪನು ಅರ್ಜುನನನ್ನು ಕಥಾನಾಯಕನನ್ನಾಗಿಸಿಕೊಂಡೂ ಕರ್ಣನ ಹಿರಿಮೆಯನ್ನು ಮರೆಯಲಿಲ್ಲ. ರನ್ನನು ಭೀಮನ ಗೆಲುವನ್ನು ಹಾಡಹೊರಟು ದುರ್ಯೋಧನನ ದುಃಖಕ್ಕೆ ಅಷ್ಟೇ ಅಂತಃಕರಣ ತೋರಿದ. ಸೋತವನ ಕಡೆಯಿಂದಲೂ ಯುದ್ಧವನ್ನು ನೋಡುವ ಈ ಅಭ್ಯಾಸವನ್ನು ಸಾವಿರ ವರ್ಷಗಳ ಹಿಂದೆಯೇ ಪಡೆದ ಭಾಷೆ ನಮ್ಮದು. ಆ ಭಾಷೆಯಲ್ಲಿ ಕಲಿಯುವ ಮಗುವಿಗೆ ಕೆಟ್ಟವನೊಬ್ಬನಿಂದ ಯುದ್ಧವಾಯಿತೆಂದೋ, ಯುದ್ಧ ತಾನಾಗಿ ಭುಗಿಲೆದ್ದಿತೆಂದೋ ಹೇಳಿ ಸುಮ್ಮನಾಗಿಸುವುದು ಆ ಮಗುವಿಗೂ ಭಾಷೆಗೂ ಮಾಡುವ ಅನ್ಯಾಯ. ಪಠ್ಯ ಬರೆಯುವವರು ಮೊದಲಿಗೆ ಒಂದು ಸಣ್ಣ ಕೆಲಸ ಮಾಡಲಿ: ಯುದ್ಧದ ಪಾಠದಲ್ಲಿರುವ ಪ್ರತಿಯೊಂದು ಕ್ರಿಯಾಪದಕ್ಕೂ ಒಬ್ಬ ಕರ್ತೃವನ್ನು ಹುಡುಕಿ ಕೂರಿಸಲಿ.